ಕೀ ತೆಗೆದ ಮೇಲೂ ಫ್ಯಾನ್ ತಿರುಗಿದರೆ

ಆಗುಂಬೆ ಘಾಟಿ ಹತ್ತಿ ಬಂದು ಕಾರು ನಿಲ್ಲಿಸಿದ್ದೀರಿ. ಕೀ ತೆಗೆದಾಗಿದೆ; ಬಾನೆಟ್ಟಿನೊಳಗೆ ಫ್ಯಾನ್ ಮಾತ್ರ ಗುಂಯ್ ಎನ್ನುತ್ತಲೇ ಇದೆ. ಬ್ಯಾಟರಿ ಇಳಿದುಹೋದೀತೆಂದು ಹೆದರಿ ವೈರ್ ಕೀಳಲು ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಎಂಜಿನ್ ನಿಂತೊಡನೆ ಸಾಮಾನ್ಯವಾಗಿ ಕೂಲೆಂಟ್ ಪಂಪೂ ನಿಲ್ಲುತ್ತದೆ. ಕಾದ ಲೋಹದ ಬಿಸಿ ಮಾತ್ರ ಹರಿವು ನಿಂತ ಕೂಲೆಂಟಿಗೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಬಂದ್ ಮಾಡಿದ ಮೇಲೂ ಸ್ವಲ್ಪ ಹೊತ್ತು ತಾಪ ಏರುವುದುಂಟು. ಹಲವು ಕಾರುಗಳಲ್ಲಿ ಸೆನ್ಸರ್ ಇದನ್ನು ಗ್ರಹಿಸಿ ಫ್ಯಾನ್ ಓಡಿಸುತ್ತದೆ. ಕೆಲವು ನಿಮಿಷಗಳಲ್ಲಿ ಅದು ತಾನಾಗಿ ನಿಲ್ಲುತ್ತದೆ.

ನಿಜವಾದ ಅಪಾಯ ಇರುವುದು ಅವಸರದಲ್ಲಿ ಕೈ ಹಾಕುವುದರಲ್ಲಿ. ನಿಂತ ಫ್ಯಾನ್ ಮತ್ತೆ ತಟ್ಟನೆ ತಿರುಗಬಹುದು. ಸೆರಗು, ದುಪಟ್ಟಾ, ಮಕ್ಕಳ ಬೆರಳು ದೂರವಿರಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನಂತೂ ಮುಟ್ಟಲೇಬಾರದು. ಒಳಗೆ ಒತ್ತಡವಿರುವುದರಿಂದ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಮುಚ್ಚಳ ಸಡಿಲಿಸಿದಿರೋ, ಸೀಟಿ ಹೊಡೆಯುತ್ತಿರುವ ಕುಕ್ಕರ್ ತೆರೆದಂತೆ ಮುಖಕ್ಕೇ ಚಿಮ್ಮುತ್ತದೆ.

ತಂಪು ಬೆಳಗಿನಲ್ಲಿ ಹತ್ತಿರದ ಅಂಗಡಿಗೆ ಹೋಗಿಬಂದರೂ ದಿನಾ ಫ್ಯಾನ್ ಓಡುತ್ತಿದೆಯೇ? ಕಾಲು ಗಂಟೆ ಕಳೆದರೂ ನಿಲ್ಲುತ್ತಿಲ್ಲವೇ? ಕೂಲೆಂಟ್ ಕಡಿಮೆಯಾಗಿರಬಹುದು, ಇಲ್ಲವೇ ಸೆನ್ಸರ್ ಕೆಟ್ಟಿರಬಹುದು, ರಿಲೇ ಅಂಟಿಕೊಂಡಿರಬಹುದು. ನಾಳೆಗೆ ಬಿಡದೆ ಅಂದೇ ಮೆಕ್ಯಾನಿಕ್‌ಗೆ ತೋರಿಸಿ.