ತರಗತಿಯ ನಾಯಕನ ಕೆಲಸವೇನು?

ತರಗತಿಯ ನಾಯಕನೆಂದರೆ ಅಧ್ಯಾಪಕರಿಲ್ಲದಾಗ ಮಾತಾಡಿದವರ ಹೆಸರನ್ನು ಕಪ್ಪುಹಲಗೆಯಲ್ಲಿ ಬರೆಯುವವನು ಎಂದು ಹಲವರ ಎಣಿಕೆ. ಅಧ್ಯಾಪಕರಾದ ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು.

ಕಾಸರಗೋಡಿನ ಕನ್ನಡ ಮಕ್ಕಳಿಗೆ ಹೊಸತಲ್ಲದ ಒಂದು ಸಂಗತಿ. ವಿದ್ಯಾರ್ಥಿವೇತನದ ಅರ್ಜಿ ಒಮ್ಮೆ ಮಲಯಾಳದಲ್ಲಿ ಮಾತ್ರ ಬಂತು. ಓದಲು ಬಾರದ ಹುಡುಗಿಯೊಬ್ಬಳು ಅದನ್ನು ಮಡಚಿ ಪುಸ್ತಕದೊಳಗಿಟ್ಟಳು, ಕೇಳಲು ನಾಚಿಕೆ. ತರಗತಿಯ ನಾಯಕಿ ಅದನ್ನು ನಮ್ಮಲ್ಲಿಗೆ ತಂದು, “ಇದನ್ನು ಕನ್ನಡದಲ್ಲಿ ಹೇಳಿಕೊಡಿ ಟೀಚರ್” ಎಂದಳು. ಅರ್ಜಿ ಸಲ್ಲಿಸಲು ಎರಡೇ ದಿನ ಉಳಿದಿತ್ತು.

ಹೀಗೆ ಕೇಳುವುದು ಮಕ್ಕಳ ಹಕ್ಕು. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿತು. ಭಾರತವು 1992ರಲ್ಲಿ ಒಪ್ಪಿತು. ಅದರ 12ನೆಯ ವಿಧಿಯಂತೆ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ. ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಹಿರಿಯರು ಅದಕ್ಕೆ ಬೆಲೆ ಕೊಡಬೇಕು. 30ನೆಯ ವಿಧಿಯಂತೆ, ಭಾಷಾ ಅಲ್ಪಸಂಖ್ಯಾತರ ಮಗುವಿಗೆ ತನ್ನವರೊಡನೆ ತನ್ನ ನುಡಿಯನ್ನು ಬಳಸುವ ಹಕ್ಕಿದೆ.

ವಿದ್ಯಾರ್ಥಿಗಳೇ, ಮುಂದಿನ ಚುನಾವಣೆಯಲ್ಲಿ, ಹಿಂದಿನ ಬೆಂಚಿನವರ ಕಷ್ಟವನ್ನು ಕೇಳಿ ತಿಳಿದು ಅಧ್ಯಾಪಕರಿಗೆ ಹೇಳಬಲ್ಲವರನ್ನು ಆರಿಸಿರಿ. ಹೆತ್ತವರೇ, ಮಗು ಪ್ರಶ್ನೆ ಕೇಳಿದರೆ ಅಧಿಕಪ್ರಸಂಗವೆಂದು ಗದರಿಸದಿರಿ. ನಾವೂ ಗದರಿಸುವುದಿಲ್ಲ.