ಅವ್ವ ಚಲೋ ಮಾತಾಡ್ತಾಳ, ಆದರೂ ಪರೀಕ್ಷೆ ಬೇಕು

ಪ್ರಶ್ನೆ: ನಮ್ಮದು ವಿಜಯಪುರ. ಮದುವೆಯಾಗಿ ಪುಣೆಯ ಕೋಥರೂಡಕ್ಕೆ ಬಂದೆ. ಅಪ್ಪ ತೀರಿದ ಮೇಲೆ 72 ವರ್ಷದ ಅವ್ವ ನನ್ನ ಬಳಿಯೇ ಇದ್ದಾರೆ. ಒಂದು ವರ್ಷದಿಂದ ಹಾಲಿನವನಿಗೆ ಎರಡೆರಡು ಸಲ ದುಡ್ಡು ಕೊಡುತ್ತಾರೆ. ಎಣಗಾಯಿಗೆ ಮಸಾಲೆ ತುಂಬುತ್ತಲೇ ಮುಂದೇನು ಎಂದು ತಿಳಿಯದೆ ನಿಂತುಬಿಡುತ್ತಾರೆ. ಹುಬ್ಬಳ್ಳಿಯ ಅಣ್ಣ ಫೋನಿನಲ್ಲಿ ಮಾತಾಡಿ, "ಅವ್ವ ಚಲೋ ಮಾತಾಡ್ತಾಳ, ನೀನ ಸುಮ್ನ ಹೆದರ್ತಿ" ಎನ್ನುತ್ತಾನೆ. ಡಾಕ್ಟರು ನಾಲ್ಕು ಪ್ರಶ್ನೆ ಕೇಳಿ "ವಯಸ್ಸಾಯಿತು" ಎಂದರು. ಅಲ್ಝೈಮರ್ ಹೆಂಗಸರಿಗೇ ಹೆಚ್ಚಂತೆ. ನನಗೀಗ 51, ಮುಟ್ಟು ನಿಂತಿದೆ. ನನಗೂ ಬರುತ್ತದೆಯೇ? ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ತಪ್ಪಿಸಬಹುದೇ?
– ಒಬ್ಬ ಮಗಳು, ಪುಣೆ

ಉತ್ತರ: ತಂಗೀ, ನಿಮ್ಮ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ದಿನವೂ ಜೊತೆಗಿರುವ ಮಗಳ ಕಣ್ಣಿಗೆ ಬಿದ್ದದ್ದನ್ನು ಹತ್ತು ನಿಮಿಷದ ಫೋನ್ ಮಾತು ಸುಳ್ಳು ಮಾಡಲಾರದು.

ಅಣ್ಣ ಹೇಳುವುದೂ ಸುಳ್ಳಲ್ಲ, ಅವ್ವ ಚೆನ್ನಾಗಿಯೇ ಮಾತಾಡುತ್ತಿರಬಹುದು. ತೊಡಕು ಇರುವುದೇ ಅಲ್ಲಿ. ಮಾತು, ಪದಗಳ ನೆನಪಿನಲ್ಲಿ ಹೆಂಗಸರು ಸಾಮಾನ್ಯವಾಗಿ ಗಂಡಸರಿಗಿಂತ ಮುಂದೆ. ರೋಗದ ಶುರುವಿನಲ್ಲಿ ಈ ಬಲವೇ ಕುಂದನ್ನು ಮುಚ್ಚಿಡುತ್ತದೆ. ಮಿದುಳಿಗೆ ಅಷ್ಟೇ ಪೆಟ್ಟು ಬಿದ್ದ ಗಂಡಸು ಪದಗಳ ಪಟ್ಟಿ ಒಪ್ಪಿಸುವಾಗ ತಡವರಿಸಿದರೆ, ಹೆಂಗಸು ಸಲೀಸಾಗಿ ಪಾಸಾಗಿಬಿಡಬಹುದು. ಹೀಗೆ ಪತ್ತೆ ತಡವಾಗುತ್ತದೆ. ಪತ್ತೆಯಾದ ಮೇಲೆ ಇಳಿತ ಹೆಂಗಸರಲ್ಲಿ ಹೆಚ್ಚು ಚುರುಕಾಗಿ ಕಾಣುವುದುಂಟು. ಅಲ್ಝೈಮರ್‌ನಲ್ಲಿ ಮಿದುಳಿನ ಜೀವಕೋಶಗಳ ಹೊರಗೆ ಅಮಿಲಾಯ್ಡ್, ಒಳಗೆ ಟೌ ಎಂಬ ಪ್ರೋಟೀನುಗಳು ಸೇರಿಕೊಳ್ಳುತ್ತವೆ. ಅಮಿಲಾಯ್ಡ್ ಹೆಚ್ಚಿರುವವರನ್ನು ಸ್ಕ್ಯಾನ್ ಮಾಡಿ ಹೋಲಿಸಿದಾಗ, ಗಂಡಸರಿಗಿಂತ ಹೆಂಗಸರಲ್ಲಿ ಟೌ ಜಾಸ್ತಿ ಕಂಡಿದೆ.

ಆದ್ದರಿಂದ ನಾಲ್ಕು ಪ್ರಶ್ನೆಗಳ ಪರೀಕ್ಷೆಗೆ ಸಮಾಧಾನಪಡಬೇಡಿ. ನರರೋಗ ತಜ್ಞರ ಬಳಿ ಹೋಗಿ. ಹಾಲಿನ ದುಡ್ಡು, ಎಣಗಾಯಿ, ಕೇಳಿದ್ದನ್ನೇ ಕೇಳುವುದು ಏನೇ ಇರಲಿ, ಯಾವಾಗ ಶುರುವಾಯಿತು, ಹೇಗೆ ಹೆಚ್ಚಿತು ಎಂದು ಬರೆದುಕೊಂಡು ಹೋಗಿ. ಪರೀಕ್ಷೆ ಕನ್ನಡದಲ್ಲೇ ಆಗಲಿ ಎಂದು ಒತ್ತಾಯಿಸಿ. ಪುಣೆಯಲ್ಲಿ ಮರಾಠಿ, ಹಿಂದಿಯಲ್ಲಿ ಕೇಳಿದ ಪ್ರಶ್ನೆಗೆ ಅವ್ವ ತಡವರಿಸಿದರೆ ಅದು ಭಾಷೆಯ ತೊಡಕೋ ಮರೆವೋ ಗೊತ್ತಾಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷಾಮಾಲೆ ಕನ್ನಡದಲ್ಲೂ ಇದೆ. ಪುಣೆಯಲ್ಲಿ ಕನ್ನಡದಲ್ಲಿ ಪರೀಕ್ಷಿಸುವವರು ಸಿಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಒಮ್ಮೆ ಕರೆದೊಯ್ಯುವುದು ವ್ಯರ್ಥವಲ್ಲ. ಜೊತೆಗೆ ಬಿ12, ಥೈರಾಯ್ಡ್, ಕಿವಿ, ಕಣ್ಣು ನೋಡಿಸಿ. ಪತಿಯನ್ನು ಕಳೆದುಕೊಂಡ ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ, ಅದಕ್ಕೆ ಚಿಕಿತ್ಸೆಯಿದೆ.

ಹೆಂಗಸರಿಗೇ ಹೆಚ್ಚು ಎಂದು ನೀವು ಓದಿದ್ದು ನಿಜ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ (ಅಲ್ಝೈಮರ್ ಸೇರಿದಂತೆ ಮರೆವಿನ ರೋಗಗಳು) ಇರುವವರು ಶೇ. 7.4 ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು. ಹೆಂಗಸರಲ್ಲಿ ಅದು ಶೇ. 9, ಗಂಡಸರಲ್ಲಿ ಶೇ. 5.8. ಹೆಂಗಸರ ಆಯಸ್ಸು ಹೆಚ್ಚು ಎಂಬುದು ಕಾರಣಗಳಲ್ಲಿ ಒಂದು ಮಾತ್ರ. ಕಡಿಮೆ ಶಾಲೆ ಕಲಿತದ್ದೂ ಒಂದು ಅಪಾಯಕಾರಿ ಅಂಶ. ನಿಮ್ಮ ಅವ್ವನ ತಲೆಮಾರಿನ ಎಷ್ಟೋ ಹುಡುಗಿಯರನ್ನು ಮೂರನೇ, ನಾಲ್ಕನೇ ಇಯತ್ತೆಗೇ ಶಾಲೆ ಬಿಡಿಸಿದರು. ಆ ಅನ್ಯಾಯದ ಬಡ್ಡಿಯನ್ನು ಅವರ ಮಿದುಳು ಮುಪ್ಪಿನಲ್ಲಿ ಕಟ್ಟುತ್ತಿದೆ ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ನಿಮ್ಮ ವಿಚಾರ. ಈಸ್ಟ್ರೋಜನ್ ಮಿದುಳಿಗೂ ಬೇಕಾದ ಹಾರ್ಮೋನು. ಮುಟ್ಟು ನಿಂತಾಗ ಅದು ಕುಸಿಯುವುದಕ್ಕೂ ಈ ರೋಗಕ್ಕೂ ಇರುವ ನಂಟನ್ನು ವಿಜ್ಞಾನಿಗಳು ಅಭ್ಯಾಸ ಮಾಡುತ್ತಿದ್ದಾರೆ. ಹಾಗೆಂದು ಮರೆವು ತಡೆಯಲು ಹಾರ್ಮೋನ್ ಮಾತ್ರೆ ನುಂಗಬೇಡಿ. 65 ದಾಟಿದ ಹೆಂಗಸರಿಗೆ ಈಸ್ಟ್ರೋಜನ್, ಪ್ರೊಜೆಸ್ಟಿನ್ ಕೂಡಿಸಿ ಕೊಟ್ಟ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಡಿಮೆನ್ಷಿಯಾದ ಅಪಾಯ ದುಪ್ಪಟ್ಟಾಗಿತ್ತು. ಆ ಫಲಿತಾಂಶ ಬಂದದ್ದು 2003ರಲ್ಲಿ. ಮೈ ಬಿಸಿಯೇರುವುದು, ನಿದ್ದೆ ಕೆಡುವುದು ವಿಪರೀತವಾಗಿದ್ದರೆ ಮಾತ್ರ ಸ್ತ್ರೀರೋಗ ತಜ್ಞರನ್ನು ಕೇಳಿ ತೀರ್ಮಾನಿಸಿ.

ತಾಯಿಗೆ ಇಳಿವಯಸ್ಸಿನಲ್ಲಿ ಬಂದ ಅಲ್ಝೈಮರ್ ಮಗಳ ಅಪಾಯವನ್ನು ಸ್ವಲ್ಪ ಏರಿಸುತ್ತದೆ, ಹಣೆಬರಹವನ್ನು ಬರೆಯುವುದಿಲ್ಲ. ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಹೇಳಿದೆ. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್ ಹಿಡಿತದಲ್ಲಿರಲಿ; ದಿನಾ ನಡೆಯಿರಿ; ಕಿವಿ ಮಂದವಾದರೆ ಯಂತ್ರ ಹಾಕಿಸಲು ನಾಚಬೇಡಿ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಆಡುವ ನಿಮಗೆ ಇನ್ನೊಂದು ಸಂಗತಿ: ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಅಧ್ಯಯನ ಮಾಡಿದರು. ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲೂ. 2013ರಲ್ಲಿ ಅದು ಪ್ರಕಟವಾಯಿತು.

ನೀವು ಕೇಳದ ಒಂದು ಮಾತನ್ನೂ ಹೇಳುತ್ತೇನೆ. ರೋಗವೂ ಹೆಂಗಸರಿಗೇ ಹೆಚ್ಚು, ಸೇವೆಯೂ ಮಗಳು, ಸೊಸೆಯ ತಲೆಗೇ. ನಿಮ್ಮ ಅಣ್ಣ ಹದಿನೈದು ದಿನ ಪುಣೆಗೆ ಬಂದು ಅವ್ವನನ್ನು ಒಬ್ಬರೇ ನೋಡಿಕೊಳ್ಳಲಿ. ನೀವು ಆಗ ಬೇರೆ ಕಡೆ ಹೋಗಿ. ವಾದದಿಂದ ಅರ್ಥವಾಗದ್ದು ಅವರಿಗೆ ಆಗ ಅರ್ಥವಾದೀತು. ನಿಮಗೇ ಮನಸ್ಸು ಸೋತರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದ ಸೇವೆಯೂ ಇದೆ. ಈ ಪುಟವನ್ನು ಅಣ್ಣನಿಗೆ ಕಳಿಸಿ, ತಜ್ಞರ ಅಪಾಯಿಂಟ್‌ಮೆಂಟನ್ನು ಈ ವಾರವೇ ಪಡೆಯಿರಿ.