ಪಿತ್ತಗಂಧೆ: ತಾನಾಗಿ ಇಳಿಯುವುದು, ಆಸ್ಪತ್ರೆಗೆ ಓಡಬೇಕಾದ್ದು

ಹೊಲದಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಮೈ ನವೆಯಾಗಿ, ನೋಡನೋಡುತ್ತಿದ್ದಂತೆ ತೋಳು, ಬೆನ್ನು, ತೊಡೆಗಳ ಮೇಲೆ ಕೆಂಪು ದದ್ದುಗಳು ಉಬ್ಬುವುದು ಹಳ್ಳಿಗಳಲ್ಲಿ ಹೊಸದೇನಲ್ಲ. ಕೆಲವೆಡೆ ಇದನ್ನು ಪಿತ್ತಗಂಧೆ ಎಂದೂ, ಉತ್ತರ ಕರ್ನಾಟಕದ ಕಡೆ ಗಾದರಿ ಎಂದೂ ಕರೆಯುತ್ತಾರೆ. 'ಪಿತ್ತ ಕೆದರಿದೆ' ಎಂದು ಕಂಬಳಿಯಿಂದ ಮೈ ಉಜ್ಜುವುದು, ದೊಡ್ಡಪತ್ರೆ ರಸ ಹಚ್ಚುವುದು ರೂಢಿ. ಸುಮಾರು ಐವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ಅಪಾಯವಿಲ್ಲ. ಆದರೆ ಇದೇ ಗಂಧೆ ಒಮ್ಮೊಮ್ಮೆ ಪ್ರಾಣಾಪಾಯದ ಮೊದಲ ಸೂಚನೆಯೂ ಆಗಿರುವುದರಿಂದ ಎರಡನ್ನೂ ಬೇರ್ಪಡಿಸಿ ಗುರುತಿಸಲು ಕಲಿಯಬೇಕು.

ಗಂಧೆ ಏಳುವ ಬಗೆ

ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಕೆರಳಿದಾಗ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತವೆ. ಅದರಿಂದ ಸಣ್ಣ ರಕ್ತನಾಳಗಳು ಹಿಗ್ಗಿ, ರಕ್ತದ ನೀರಿನಂಶ ಸುತ್ತಲಿನ ಚರ್ಮಕ್ಕೆ ಜಿನುಗುತ್ತದೆ. ಉಬ್ಬು, ಕೆಂಪು, ನವೆ ಮೂರಕ್ಕೂ ಇದೇ ಮೂಲ. ಪಿತ್ತಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದೊಂದು ದದ್ದೂ 24 ಗಂಟೆಗಳೊಳಗೆ ಕಲೆಯಿಲ್ಲದೆ ಇಳಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಕಡೆ ಹೊಸದು ಏಳಬಹುದು. ಹೇಗಿದ್ದರೂ ಇಳಿಯುವ ದದ್ದಾದ್ದರಿಂದ ಕೊನೆಯಲ್ಲಿ ಮಾಡಿದ ಉಪಚಾರಕ್ಕೆ ಕೀರ್ತಿ ಸಲ್ಲುತ್ತದೆ! ದೊಡ್ಡಪತ್ರೆ ರಸದಿಂದ ತಂಪೆನಿಸಬಹುದು. ಕಂಬಳಿಯ ಉಜ್ಜಾಟ ಮಾತ್ರ ಬೇಡ. ತಿಕ್ಕಿದಷ್ಟೂ ಅದೇ ಕೋಶಗಳು ಇನ್ನಷ್ಟು ಕೆರಳುತ್ತವೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕುವುದು ಲೇಸು.

ಕಾರಣಗಳು

ಮಕ್ಕಳಲ್ಲಿ ನೆಗಡಿ, ಜ್ವರ ತರುವ ವೈರಸ್ ಸೋಂಕೇ ಸಾಮಾನ್ಯ ಕಾರಣ. ದೊಡ್ಡವರಲ್ಲಿ ನೋವಿನ ಮಾತ್ರೆಗಳು (ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್), ಪೆನಿಸಿಲಿನ್ ಗುಂಪಿನ ಔಷಧಗಳು, ಮೊಟ್ಟೆ, ಮೀನು, ಸೀಗಡಿ, ಕಡಲೆಕಾಯಿ, ಜೇನು ಮತ್ತು ಕಣಜದ ಕಡಿತ ಇವು ಮುಖ್ಯ. ಆಹಾರ ಕಾರಣವಾಗಿದ್ದರೆ ಸಾಮಾನ್ಯವಾಗಿ ತಿಂದ ಎರಡು ಗಂಟೆಗಳೊಳಗೆ ಗಂಧೆ ಏಳುತ್ತದೆ. ಮೊನ್ನೆ ತಿಂದ ಬದನೆಕಾಯಿಯನ್ನು ದೂರಿ ಫಲವಿಲ್ಲ.

ಕೆಲವರಿಗೆ ಬೆವರು, ಬಿಸಿಲು, ಚಳಿ ಅಥವಾ ಒತ್ತಡವೇ ಸಾಕು. ಮೂಟೆ ಹೊತ್ತ ಹೆಗಲು ನಾಲ್ಕಾರು ಗಂಟೆಗಳ ನಂತರ ಊದಿಕೊಳ್ಳುವುದುಂಟು. ತಣ್ಣೀರು ತಗುಲಿದಲ್ಲಿ ಗಂಧೆ ಏಳುವವರು ಕೆರೆ, ಬಾವಿಗೆ ಧುಮುಕಬಾರದು. ಮೈಯೆಲ್ಲ ಒಮ್ಮೆಗೇ ತಣ್ಣಗಾದರೆ ನೀರಿನಲ್ಲೇ ಪ್ರಜ್ಞೆ ತಪ್ಪಬಹುದು.

ಹೊಲದ ಎಲ್ಲ ನವೆಯೂ ಪಿತ್ತಗಂಧೆಯಲ್ಲ. ಕಾಂಗ್ರೆಸ್ ಕಳೆಯಿಂದ ಬರುವ ಚರ್ಮರೋಗ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ವಾರಗಟ್ಟಲೆ ನಿಂತು ಚರ್ಮ ದಪ್ಪಗಾಗುತ್ತದೆ. ನಸುಗುನ್ನಿ ಕಾಯಿ, ಕಂಬಳಿಹುಳುವಿನ ರೋಮ ಸಾಮಾನ್ಯವಾಗಿ ತಗುಲಿದ ಕಡೆಯಲ್ಲೇ ಉರಿಸುತ್ತವೆ.

ಆರು ವಾರಗಳಿಗೂ ಮೀರಿ ಗಂಧೆ ಮರುಕಳಿಸುತ್ತಿದ್ದರೆ ಹೆಚ್ಚಿನವರಲ್ಲಿ ಹೊರಗಿನ ಕಾರಣವೇ ಸಿಗುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೋಶಗಳನ್ನು ಕೆರಳಿಸುತ್ತಿರುತ್ತದೆ. ಇಂಥವರಿಗೆ 'ನಂಜು' ಎಂದು ಬೇಳೆ, ಮೊಟ್ಟೆ, ಹಾಲು ಒಂದೊಂದನ್ನೇ ಬಿಡಿಸುತ್ತ ಹೋದರೆ ದೇಹ ಸೊರಗುವುದೇ ಲಾಭ. ವೈದ್ಯರ ಸಲಹೆಯಂತೆ ಸಿಟ್ರಿಜಿನ್‌ನಂತಹ ಮಾತ್ರೆಯನ್ನು ಕೆಲಕಾಲ ದಿನವೂ ಸೇವಿಸಬೇಕಾಗುತ್ತದೆ. ಅಲರ್ಜಿ ಮಾತ್ರೆಗಳಲ್ಲಿ ಹಳೆಯ ಬಗೆಯವು ತೂಕಡಿಕೆ ತರುತ್ತವೆ. ಅವನ್ನು ನುಂಗಿ ಟ್ರ್ಯಾಕ್ಟರ್ ಓಡಿಸುವುದು, ಮೇವು ಕತ್ತರಿಸುವ ಯಂತ್ರದ ಬಳಿ ನಿಲ್ಲುವುದು ಅಪಾಯ.

ಒಂದೇ ದದ್ದು 24 ಗಂಟೆ ಮೀರಿ ನಿಂತು ನೋವಾಗಿ, ಕಂದಿದ ಕಲೆ ಉಳಿದರೆ, ಅಥವಾ ಜ್ವರ, ಕೀಲುನೋವು ಜೊತೆಗಿದ್ದರೆ ಅದು ಬೇರೆ ಕಾಯಿಲೆಯಾಗಿರಬಹುದು, ವೈದ್ಯರಿಗೆ ತೋರಿಸಬೇಕು.

ತಡಮಾಡಬಾರದ ಲಕ್ಷಣಗಳು

ಜೇನು ಕಡಿದ, ಚುಚ್ಚುಮದ್ದು ಪಡೆದ ಅಥವಾ ಏನನ್ನೋ ತಿಂದ ಕೆಲವೇ ನಿಮಿಷಗಳಲ್ಲಿ ಗಂಧೆ ಎದ್ದು, ಅದರೊಂದಿಗೆ ನಾಲಿಗೆ ಊದುವುದು, ದನಿ ಒಡೆಯುವುದು, ಗಂಟಲು ಬಿಗಿಯುವುದು, ಉಬ್ಬಸ, ಮತ್ತೆ ಮತ್ತೆ ವಾಂತಿ, ತಲೆಸುತ್ತಿ ಕುಸಿಯುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಅದು ಇಡೀ ದೇಹದ ಅಲರ್ಜಿ. ಇಲ್ಲಿ ನಿಮಿಷಗಳ ಲೆಕ್ಕ. ಅಲರ್ಜಿ ಮಾತ್ರೆ ನವೆ ತಗ್ಗಿಸೀತೇ ಹೊರತು ಕಟ್ಟಿದ ಗಂಟಲನ್ನು ಬಿಡಿಸದು. ಬೇಕಾದ ಔಷಧ ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. 108ಕ್ಕೆ ಕರೆ ಮಾಡಿ, ಅದು ಬರುವುದು ತಡವೆನಿಸಿದರೆ ಸಿಕ್ಕ ವಾಹನದಲ್ಲಿ ಅಡ್ರಿನಲಿನ್ ಕೊಡಬಲ್ಲ ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ರೋಗಿಯನ್ನು ನಡೆಸಬಾರದು, ಎದ್ದು ನಿಲ್ಲಿಸಬಾರದು. ಮಲಗಿಸಿ ಕಾಲು ಎತ್ತರಿಸಬೇಕು. ಉಸಿರು ಕಷ್ಟವಾದರೆ ಒರಗಿಸಿ ಕೂರಿಸಬೇಕು. ಚರ್ಮದಲ್ಲಿ ಜೇನಿನ ಮುಳ್ಳು ಉಳಿದಿದ್ದರೆ ಉಗುರಿನಿಂದ ಕೆರೆದಾದರೂ ತಕ್ಷಣ ತೆಗೆಯಬೇಕು. ಚೇತರಿಸಿಕೊಂಡರೂ ಕೆಲವು ಗಂಟೆಗಳ ನಂತರ ತೊಂದರೆ ಮರುಕಳಿಸಬಹುದಾದ್ದರಿಂದ ವೈದ್ಯರು ಕಳಿಸುವವರೆಗೆ ಆಸ್ಪತ್ರೆಯಲ್ಲೇ ಇರಬೇಕು. ಯಾವ ಔಷಧದಿಂದ ಹೀಗಾಯಿತೆಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು, ಮುಂದೆ ಯಾವ ದವಾಖಾನೆಗೆ ಹೋದರೂ ಮೊದಲು ತೋರಿಸಬೇಕು.

ಹಾವು ಕಚ್ಚಿದವರ ವಿಷಯದಲ್ಲಿ ಒಂದು ಮಾತು. ವಿಷನಿರೋಧಕ ಔಷಧವನ್ನು ಕುದುರೆಯ ರಕ್ತದಿಂದ ತಯಾರಿಸುವುದರಿಂದ ಅದನ್ನು ಏರಿಸುವಾಗ ಕೆಲವರಿಗೆ ಗಂಧೆ, ನವೆ ಆರಂಭವಾಗುತ್ತದೆ. ಪಕ್ಕದಲ್ಲಿರುವವರು ಕೂಡಲೇ ದಾದಿಯರಿಗೆ ತಿಳಿಸಬೇಕು. ಔಷಧವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅಡ್ರಿನಲಿನ್ ಕೊಟ್ಟು, ಗಂಧೆ ಇಳಿದ ಮೇಲೆ ಮತ್ತೆ ಮುಂದುವರಿಸುತ್ತಾರೆ. 'ಮದ್ದು ಒಗ್ಗಲಿಲ್ಲ' ಎಂದು ಹೆದರಿ ರೋಗಿಯನ್ನು ಅರ್ಧದಲ್ಲಿ ಮನೆಗೆ ಕರೆತಂದರೆ ಹಾವಿನ ವಿಷ ದೇಹದಲ್ಲೇ ಉಳಿದಿರುತ್ತದೆ.